ಮೋಸ ಮಾಡಿಲ್ಲ, 41ನೇ ಪುಟ ತೆಗೆಯಿರಿ

ನನ್ನ ಕಾದಂಬರಿ ಓದಿದವರು ಸಿಕ್ಕರೆ ಮೊದಲು ಕೇಳುವುದು ಒಂದೇ ಮಾತು. "ಕೊನೆಗೆ ಹೀಗೆ ಮೋಸ ಮಾಡೋದಾ?" ಬಸ್ಸಿನಲ್ಲಿ ಕೇಳುತ್ತಾರೆ, ಫೋನಿನಲ್ಲಿ ಕೇಳುತ್ತಾರೆ, ಸ್ಟಾಫ್ ರೂಮಿನಲ್ಲೂ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಡುತ್ತೇನೆ. ಕಾದಂಬರಿ ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಗುಟ್ಟೆಲ್ಲ ಹೊರಗೆ ಬರುತ್ತದೆ.

ಕಥೆ ಇಷ್ಟು. ಕಾರವಾರದ ಕೋಡಿಬಾಗ, ಕಾಳಿ ನದಿ ಸಮುದ್ರ ಸೇರುವ ಕಡೆ ಒಂದು ಮನೆ. ಅಕ್ಕ, ತಮ್ಮ ಇಬ್ಬರೇ. ತಮ್ಮ ಕಾಣೆಯಾಗುತ್ತಾನೆ. ಕಥೆ ಹೇಳುವವಳು ಅಕ್ಕ. ಅಷ್ಟಮಿ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹಿತ್ತಲ ಮೆಟ್ಟಿಲಲ್ಲಿ ಅವನನ್ನು ಕೊನೆಯ ಸಲ ಕಂಡೆ, ನೀರು ಅವನ ಮೊಣಕಾಲಿಗಿತ್ತು ಅನ್ನುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಗೊತ್ತಾಗುತ್ತದೆ: ಅವನು ನೀರುಪಾಲಾಗಿದ್ದು ಅದಕ್ಕೂ ಒಂದು ವಾರ ಮೊದಲು, ಅಮಾವಾಸ್ಯೆಗೆ. ನಡುವಿನ ಏಳು ದಿನ ಅವಳು ಅವನ ಜೊತೆ ಮಾತಾಡಿದ್ದಾಳೆ, ಊಟ ಬಡಿಸಿದ್ದಾಳೆ. ಅವನು ಮನೆಯಲ್ಲೇ ಇರಲಿಲ್ಲ.

ಇದನ್ನೇ ಅವರೆಲ್ಲ ಮೋಸ ಅನ್ನುವುದು.

ಸರಿ, ಪುಸ್ತಕ ತೆಗೆಯಿರಿ. ಸಮುದ್ರದ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಏಳು ದಿನಕ್ಕೆ ಹೆಚ್ಚು ಕಡಿಮೆ ಆರು ತಾಸು, ತುಂಬಿದ ನೀರು ಇಳಿಯಲು ಹಿಡಿಯುವಷ್ಟೇ ಹೊತ್ತು. ಅಮಾವಾಸ್ಯೆಗೆ ಯಾವ ಹೊತ್ತಿಗೆ ನೀರು ತುಂಬಿತ್ತೋ, ಅಷ್ಟಮಿಗೆ ಅದೇ ಹೊತ್ತಿಗೆ ಇಳಿದಿರುತ್ತದೆ. 41ನೇ ಪುಟದಲ್ಲಿ ಅಮಾವಾಸ್ಯೆ ಬೆಳಿಗ್ಗೆ ಹನ್ನೊಂದಕ್ಕೆ ಮೂರು ಮೆಟ್ಟಿಲು ಮುಳುಗಿವೆ. 88ನೇ ಪುಟದಲ್ಲಿ ಅಷ್ಟಮಿ, ಅದೇ ಹೊತ್ತು, ಅದೇ ಮೆಟ್ಟಿಲ ಮುಂದೆ, ನೀರಿಳಿದ ಜಾಗದಲ್ಲಿ ಹೆಂಗಸರು ಕೂತು ಬಳಚು (ಚಿಪ್ಪುಮೀನು) ಹೆಕ್ಕುತ್ತಿದ್ದಾರೆ. ಅಲ್ಲಿ ಮೊಣಕಾಲು ನೀರು ಹೇಗೆ ಬರುತ್ತದೆ? ಇನ್ನು ಆ ಏಳು ದಿನವೂ ಅವಳು ಎರಡು ತಟ್ಟೆ ಬಡಿಸುತ್ತಾಳೆ. ಏಳು ದಿನವೂ ಹಿತ್ತಲಲ್ಲಿ ಕಾಗೆಗಳ ಗದ್ದಲ. ಎಲ್ಲ ಬರೆದಿದ್ದೇನೆ. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಆಗಲೇ ಕಾಣಬೇಕು ಅಂತ 1929ರಲ್ಲೇ ಇಂಗ್ಲೆಂಡಿನ ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ ನಿಯಮ ಹಾಕಿದ್ದರು. ನನ್ನ ಕಥೆಯಲ್ಲಿ ಪತ್ತೇದಾರನೇ ಇಲ್ಲ. ಆದರೂ ಆ ನಿಯಮ ಒಂದು ಸಾಲಿನಲ್ಲೂ ಮುರಿದಿಲ್ಲ.

ಹೋದ ವರ್ಷ ಶಿರಸಿಯಲ್ಲಿ ಒಂದು ಮದುವೆ. ಊಟದ ಪಂಕ್ತಿ. ತಂಬುಳಿ ಬರುತ್ತಿತ್ತು. ಎದುರು ಸಾಲಿನಿಂದ ದೊಡ್ಡಪ್ಪ ಕೂಗಿದರು. "ತಂಗೀ, ಆ ತಮ್ಮ ಮೊದಲೇ ಸತ್ತಿದ್ದ ಅಂತ ಕಡೆಗೆ ಹೇಳ್ತೀಯಲ್ಲ, ಅದು ಮೋಸ ಅಲ್ವಾ?" ನನ್ನ ಪಕ್ಕದಲ್ಲಿ ಅತ್ತಿಗೆ. ಅರ್ಧ ಓದಿ, ಉಳಿದರ್ಧಕ್ಕೆ ರಾತ್ರಿಯಾಗಲಿ ಅಂತ ಕಾಯುತ್ತಿದ್ದವಳು. ದೊನ್ನೆ ಹಿಡಿದ ಕೈ ಹಾಗೇ ನಿಂತಿತು. ಅವಳ ಮುಖ ನೋಡಿ ನನಗೆ ಊಟ ಸೇರಲಿಲ್ಲ. ನೀರು ಏರಿ ಇಳಿಯುವ ಪುಟ ಓದಿದ್ರಾ ಅಂತ ದೊಡ್ಡಪ್ಪನನ್ನು ಕೇಳಿದೆ. "ಅದೆಲ್ಲ ವರ್ಣನೆ ತಂಗೀ, ಹಾರಿಸಿದೆ" ಅಂದರು.

ಹಾರಿಸಿದ್ದು ಅವರು. ಮೋಸ ಮಾಡಿದವಳು ನಾನು!

ನನಗೆ ಸಿಟ್ಟು ಬರುವುದು ಆ ಪದಕ್ಕೆ. 1974ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಫಿಲ್ಮ್ ತೋರಿಸಿ ಪ್ರಶ್ನೆ ಕೇಳಿದರು. ಕೆಲವರಿಗೆ ಕಾರುಗಳು 'ತಾಗಿದಾಗ' ವೇಗ ಎಷ್ಟಿತ್ತು ಅಂತ, ಕೆಲವರಿಗೆ 'ಅಪ್ಪಳಿಸಿದಾಗ' ಎಷ್ಟಿತ್ತು ಅಂತ. ವಾರ ಬಿಟ್ಟು ಕರೆದು, ಒಡೆದ ಗಾಜು ಕಂಡಿರಾ ಅಂದರು. 'ಅಪ್ಪಳಿಸಿದಾಗ' ಅಂತ ಕೇಳಿಸಿಕೊಂಡ 50 ಮಂದಿಯಲ್ಲಿ 16 ಮಂದಿ ಹೌದು ಅಂದರು. 'ತಾಗಿದಾಗ' ಅಂತ ಕೇಳಿಸಿಕೊಂಡ 50ರಲ್ಲಿ 7 ಮಂದಿ. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಪದ ನೆನಪನ್ನೇ ತಿದ್ದುತ್ತದೆ. 'ಮೋಸ' ಅಂತ ಶುರು ಮಾಡಿದರೆ ಓದಿದ್ದೆಲ್ಲ ಮೋಸವಾಗಿಯೇ ನೆನಪಾಗುತ್ತದೆ. ನನ್ನ ಕಥೆಯ ಅಕ್ಕನೂ ಹಾಗೇ. ಅವಳು ಸುಳ್ಳು ಹೇಳುತ್ತಿಲ್ಲ. ಅವಳ ನೆನಪಿನಲ್ಲಿ ಅಮಾವಾಸ್ಯೆಯ ನೀರು ಅಷ್ಟಮಿಗೆ ಬಂದು ಕೂತಿದೆ. ತಮ್ಮ ಇನ್ನೊಂದು ವಾರ ಬದುಕಿರಲಿ ಅಂತ ಮನಸ್ಸು ದಿನವನ್ನೇ ಸರಿಸಿದೆ.

ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ. ಕಾರವಾರದಲ್ಲಿ ನಾನು ಯಾವಾಗಲೂ ಮೀನು ಕೊಳ್ಳುವ ಹೆಂಗಸು. ಅವರ ಮಗಳು ನನ್ನ ಕ್ಲಾಸಿನವಳು, ರಾತ್ರಿ ಅಮ್ಮನಿಗೆ ಓದಿ ಹೇಳುತ್ತಿದ್ದಳಂತೆ. ಬಂಗುಡೆ ಆರಿಸುತ್ತಾ ಅವರು ಹೇಳಿದರು, "ಬಳಚು ಹೆಕ್ಕೋ ಹೊತ್ತಲ್ಲಿ ಮೊಣಕಾಲು ನೀರು ಎಲ್ಲಿಂದ ಬರ್ತದೆ ಅಕ್ಕೋರೆ? ಅಲ್ಲೇ ನಂಗೆ ಗೊತ್ತಾಯ್ತು, ಹುಡುಗ ಇಲ್ಲ ಅಂತ."

ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅವರೇ ಕೇಳಿದರು. "ಏಳು ದಿನ ಆ ಹೆಣ್ಣು ಒಬ್ಬಳೇ ಇದ್ಳಲ್ಲ, ಪಕ್ಕದ ಮನೆಯವರು ಯಾರೂ ಬರ್ಲಿಲ್ವಾ?"

ಬಂದಿದ್ದರು. 60ನೇ ಪುಟ. ಪಕ್ಕದ ಮನೆಯಾಕೆ ಹಲಸಿನಹಣ್ಣಿನ ತೊಳೆ ಹಿಡಿದು ಬಾಗಿಲ ತನಕ ಬರುತ್ತಾಳೆ. ಒಳಗೆ ಮಾತು ಕೇಳಿಸುತ್ತದೆ. ಅಕ್ಕ ತಮ್ಮ ಏನೋ ಮಾತಾಡಿಕೊಳ್ಳುತ್ತಿದ್ದಾರೆ ಅಂದುಕೊಂಡು ಬಟ್ಟಲು ಜಗುಲಿಯಲ್ಲಿಟ್ಟು ವಾಪಸ್ ಹೋಗುತ್ತಾಳೆ. ಇಡೀ ಕಾದಂಬರಿಯಲ್ಲಿ ನಾನು ಅತಿ ಹೆಚ್ಚು ಸಲ ತಿದ್ದಿ ಬರೆದ ಪುಟ ಅದು. ಇವತ್ತಿನ ತನಕ ಬೇರೆ ಯಾರೂ ಅದರ ಬಗ್ಗೆ ಕೇಳಿಲ್ಲ.

ಆಕೆ ಮೀನು ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಒಳಗೆ ಹೋಗಬೇಕಿತ್ತು ಅವಳು" ಅಂದರು.