ಗುಡ್ಡೆಯ ಬಳ್ಳಿಗೆ ಹಕ್ಕುದಾರರು ಯಾರು?

ಕಳೆದ ವಾರ ನನ್ನ ಮಗಳು, ಕಾಸರಗೋಡಿನ ಮಂಜೇಶ್ವರದ ಒಳಭಾಗದ ಊರಿನಲ್ಲಿರುವ ನನ್ನ ಅಮ್ಮನಿಗೆ ಫೋನು ಮಾಡಿದಾಗ, "ಅಜ್ಜಿ, ನಿಮ್ಮ ತೋಟ ಆಗುವ ಮೊದಲು ಆ ಜಾಗದಲ್ಲಿ ಯಾರಿದ್ದರು?" ಎಂದು ಕೇಳಿದಳು. "ಯಾರೂ ಇರಲಿಲ್ಲ ಮಗಾ, ಬರೀ ಕಾಡು. ನಿನ್ನ ಮುತ್ತಜ್ಜನೇ ಕಡಿದು ತೋಟ ಮಾಡಿದ್ದು" ಎಂದರು ಅಮ್ಮ. "ಕಾಡಿನಲ್ಲಿ ಯಾರಾದರೂ ಇದ್ದಿರಬೇಕಲ್ಲ?" ಎಂದು ಮಗಳು ಮತ್ತೆ ಕೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊರಗರು ಇದ್ದರು" ಎಂದರು. ಕೊರಗರೆಂದರೆ ನಮ್ಮ ಕರಾವಳಿಯ, ಬುಟ್ಟಿ ಹೆಣೆದು ಬದುಕುವ ಬುಡಕಟ್ಟು. ಆ ಎರಡು ಉತ್ತರಗಳ ನಡುವಿನ ಅಂತರ ನನ್ನನ್ನು ಈಗಲೂ ನೋಯಿಸುತ್ತಿದೆ.

ನಾವಿರುವುದು ನ್ಯೂಜಿಲೆಂಡಿನ ವಾಂಗನೂಯಿ ಪಟ್ಟಣದಲ್ಲಿ. ಇಲ್ಲಿನ ಶಾಲೆಗಳಲ್ಲಿ ಮಕ್ಕಳು ಈ ದೇಶದ ಮೂಲನಿವಾಸಿಗಳಾದ ಮಾವೊರಿಗಳ ಕ್ರಮದಂತೆ ಮೊದಲು ಬೆಟ್ಟ, ಬಳಿಕ ನದಿ, ಕೊನೆಗೆ ತಮ್ಮ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುವುದನ್ನು ಕಲಿಯುತ್ತಾರೆ. ಹಾಗಾಗಿ ನೆಲದ ಮೊದಲಿಗರು ಯಾರೆಂದು ಕೇಳುವುದು ಮಗಳಿಗೆ ಸಹಜವಾಗಿದೆ. ಊರಿನ ಹೆಸರಿನ ನದಿಗೆ 2017ರ ಕಾನೂನು ವ್ಯಕ್ತಿಯ ಸ್ಥಾನ ಕೊಟ್ಟಿತು. ಬೆಟ್ಟದಿಂದ ಕಡಲಿನವರೆಗೆ ಅದು ಒಂದೇ ಜೀವ. ಅದರ ಪರವಾಗಿ ಮಾತನಾಡಲು ಇಬ್ಬರಿದ್ದು, ಒಬ್ಬರನ್ನು ಸರಕಾರವೂ ಇನ್ನೊಬ್ಬರನ್ನು ನದಿಯ ಮಾವೊರಿ ಬುಡಕಟ್ಟುಗಳೂ ಸೂಚಿಸುತ್ತವೆ. ಈ ಬುಡಕಟ್ಟುಗಳ ಹಿರಿಯರು ಸಂಸತ್ತಿಗೆ ಮನವಿ ಸಲ್ಲಿಸಲು ತೊಡಗಿದ್ದು 19ನೆಯ ಶತಮಾನದಲ್ಲಿ. ಈ ಹಕ್ಕನ್ನು ಯಾರೂ ಅವರಿಗೆ ದಾನವಾಗಿ ಕೊಡಲಿಲ್ಲ. ನದಿಯ ಮೂಲದ ನೀರನ್ನು ಟೊಂಗರಿರೊ ವಿದ್ಯುತ್ ಯೋಜನೆಗೆ ತಿರುಗಿಸುವುದು ಇಂದಿಗೂ ನಿಂತಿಲ್ಲ ಎಂಬುದನ್ನೂ ಮರೆಯಬಾರದು.

ಈ ದೇಶವನ್ನು ಹೊಗಳುವುದು ನನ್ನ ಉದ್ದೇಶವಲ್ಲ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ 144 ದೇಶಗಳು ಪರವಾಗಿ ನಿಂತರೂ ವಿರೋಧಿಸಿದ ನಾಲ್ಕರಲ್ಲಿ ನ್ಯೂಜಿಲೆಂಡ್ ಒಂದಾಗಿತ್ತು. ಒಪ್ಪಿಗೆ ಸೂಚಿಸಿದ್ದು 2010ರಲ್ಲಿ. ಮಾವೊರಿಗಳಿಗೂ ಬ್ರಿಟಿಷ್ ಅರಸೊತ್ತಿಗೆಗೂ ಆದ ವೈಟಾಂಗಿ ಒಪ್ಪಂದದ ಅರ್ಥವನ್ನು ಬದಲಿಸಹೊರಟ ಮಸೂದೆಯನ್ನು ವಿರೋಧಿಸಿ 2024ರ ನವೆಂಬರಿನಲ್ಲಿ ಸಾವಿರಾರು ಜನ ವೆಲಿಂಗ್ಟನ್ನಿಗೆ ಮೆರವಣಿಗೆ ಹೋದರು. ಮರುವರ್ಷ ಏಪ್ರಿಲಿನಲ್ಲಿ ಆ ಮಸೂದೆ ಬಿದ್ದುಹೋಯಿತು. ಭಾರತ ಘೋಷಣೆಯ ಪರವಾಗಿಯೇ ಮತ ಹಾಕಿತ್ತು, ಆದರೆ ಸ್ವಾತಂತ್ರ್ಯಾನಂತರ ತನ್ನ ಪ್ರಜೆಗಳೆಲ್ಲರೂ ಮೂಲನಿವಾಸಿಗಳೇ ಎಂಬ ನಿಲುವನ್ನು ಇಟ್ಟುಕೊಂಡಿತು. ಎಲ್ಲರೂ ಮೂಲನಿವಾಸಿಗಳೆಂದ ಮೇಲೆ ಕೊರಗರ ಕೊಪ್ಪದವರು (ಕೇರಿಯವರು) ಪ್ರತ್ಯೇಕವಾಗಿ ಕೇಳಲು ಏನುಳಿಯುತ್ತದೆ?

ನನ್ನ ಬಾಲ್ಯದಲ್ಲಿ ನಮ್ಮ ಮನೆಗೆ ಹೆಡಿಗೆ, ಬುಟ್ಟಿ ತರುತ್ತಿದ್ದ ಕೊರಗ ಅಜ್ಜ ಅಂಗಳದ ಆಚೆ ನಿಂತು ಕೂಗುತ್ತಿದ್ದರು. ಬಳ್ಳಿಯನ್ನು ಅವರು ತರುತ್ತಿದ್ದದ್ದು ನಮ್ಮ ತೋಟದ ಮೇಲಿನ ಕುಮ್ಕಿ ಗುಡ್ಡೆಯಿಂದ. ಹಳೆಯ ದಕ್ಷಿಣ ಕನ್ನಡದ ಕಂದಾಯ ವ್ಯವಸ್ಥೆಯಲ್ಲಿ ವರ್ಗದಾರನಿಗೆ, ಅಂದರೆ ಪಟ್ಟಾ ಜಮೀನಿನ ಒಡೆಯನಿಗೆ, ಪಕ್ಕದ ಸರಕಾರಿ ಗುಡ್ಡೆಯ ಸೊಪ್ಪು, ಸೌದೆಗಳ ಮೇಲೆ ಸವಲತ್ತಿತ್ತು, ಅದಕ್ಕೆ ದಾಖಲೆಯಿತ್ತು. ಅದೇ ಗುಡ್ಡೆಯ ಬಳ್ಳಿಯಿಂದ ಬದುಕುತ್ತಿದ್ದವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಬಳಿಕ ಗುಡ್ಡೆಗೆ ರಬ್ಬರ್ ಬಂತು, ಬಳ್ಳಿ ಹೋಯಿತು, ಮನೆಗೆ ಪ್ಲಾಸ್ಟಿಕ್ ಬುಟ್ಟಿ ಬಂತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಬೆತ್ತದಂಥ ಕಿರು ಅರಣ್ಯ ಉತ್ಪನ್ನಗಳ ಮೇಲೆ ಬುಡಕಟ್ಟು ಜನರ ಹಕ್ಕನ್ನು ಮಾನ್ಯ ಮಾಡಿತು ನಿಜ. ಆದರೆ ರಬ್ಬರ್ ತೋಟವಾದ ಗುಡ್ಡೆಯಲ್ಲಿ ಆ ಹಕ್ಕನ್ನು ಊರುವುದೆಲ್ಲಿ?

ಕಳೆದ ವಸ್ತು ಸಿಕ್ಕರೆ ನಾವು ಕೊರಗ ಕುಲದಲ್ಲಿ ಹುಟ್ಟಿದನೆಂದು ನಂಬುವ ದೈವ ಕೊರಗಜ್ಜನಿಗೆ ಚಕ್ಕುಲಿ, ಎಲೆಯಡಿಕೆ ಹರಕೆ ಹೇಳುತ್ತೇವೆ. ಆ ಭಕ್ತಿ ಸುಳ್ಳಲ್ಲ, ನನ್ನಲ್ಲೂ ಇದೆ. ಆದರೆ ಅದೇ ನಾಡಿನಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ಕೇಡು ಕಳೆಯಿತೆಂದು ನಂಬುವ ಅಜಲು ಪದ್ಧತಿಯೂ ಇತ್ತು. ಕರ್ನಾಟಕ ಅದನ್ನು ಕಾನೂನಿನಿಂದ ನಿಷೇಧಿಸಿದ್ದು 2000ದಲ್ಲಿ.

ಕಾಸರಗೋಡಿನ ಕನ್ನಡಿಗರಾದ ನಮಗೆ ಇದು ಇತರರಿಗಿಂತ ಬೇಗ ಅರ್ಥವಾಗಬೇಕಿತ್ತು. ನಮ್ಮ ನೆಲ ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಕಚೇರಿಯಲ್ಲಿ ನಮ್ಮ ಭಾಷೆಗೆ ಜಾಗ ಕೇಳುತ್ತಲೇ ಇದ್ದೇವೆ, ಅದು ನ್ಯಾಯವಾದ ಬೇಡಿಕೆ. ಮನೆಯಲ್ಲಿ ಕೊರಗ ಭಾಷೆ ಕೇಳಿ ಬೆಳೆದ ಮಗು ಶಾಲೆಗೆ ಬಂದಾಗ ಕನ್ನಡವೂ ಮಲಯಾಳವೂ ಅದಕ್ಕೆ ಪರಭಾಷೆಯೇ ಎಂಬುದನ್ನು ನಮ್ಮ ಸಭೆಗಳಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಕೇರಳದ ಪಂಚಾಯತುಗಳಲ್ಲಿ ಬುಡಕಟ್ಟು ಜನರ ಊರುಕೂಟವೆಂಬ ಸ್ವಂತ ಸಭೆಯಿದೆ. ವಿಶ್ವಸಂಸ್ಥೆಯ ಘೋಷಣೆ ಹೇಳುವುದು ಯೋಜನೆಗೆ ಮುಂಚಿನ, ಬಲವಂತವಿಲ್ಲದ, ವಿಷಯ ತಿಳಿದು ಕೊಟ್ಟ ಸಮ್ಮತಿಯನ್ನು. ಯೋಜನೆ ಸಿದ್ಧವಾದ ಮೇಲೆ ಪಡೆಯುವ ಸಹಿಯನ್ನಲ್ಲ. ಎಣ್ಮಕಜೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವ ಮೊದಲು ಕೆಳಗೆ ಬದುಕುತ್ತಿದ್ದವರ ಸಮ್ಮತಿ ಪಡೆಯದಿದ್ದುದರ ಫಲವನ್ನು ನಮ್ಮ ಜಿಲ್ಲೆ ಇಂದಿಗೂ ಉಣ್ಣುತ್ತಿದೆ. ಊರಿನಲ್ಲಿರುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಗ್ರಾಮಸಭೆಯಲ್ಲಿ ಉಳಿದಿರುವ ಸರಕಾರಿ ಗುಡ್ಡೆಗಳ ವಿಷಯ ಬಂದರೆ, ಯಾವುದನ್ನು ಬಳ್ಳಿಗಾಗಿ ಕಾಡಾಗಿಯೇ ಬಿಡಬೇಕೆಂದು ಮೊದಲು ಊರುಕೂಟವನ್ನು ಕೇಳಿರಿ, ಅವರ ಉತ್ತರ ಬರುವವರೆಗೆ ಗುರುತಿನ ಕಲ್ಲು ಹಾಕಬೇಡಿರಿ.