ಅವತ್ತು ಬೆರಳು ಕೊಟ್ಟವರು ಯಾರು?

ತ್ರೈಮಾಸಿಕ ರಿವ್ಯೂ ಬಂತೆಂದರೆ ನಮ್ಮ ಟಿಐನಲ್ಲಿ (ಎಚ್‌ಐವಿ ತಡೆಯುವ ಟಾರ್ಗೆಟೆಡ್ ಇಂಟರ್ವೆನ್ಷನ್ ಯೋಜನೆ) ಹಿಂದಿನ ದಿನದಿಂದಲೇ ಯಾರಿಗೂ ಊಟ ಸೇರುವುದಿಲ್ಲ. ಎಂಎಸ್‌ಎಂ (ಗಂಡಸರ ಜೊತೆ ಲೈಂಗಿಕ ಸಂಪರ್ಕವಿರುವ ಗಂಡಸರು), ಟಿಜಿ (ಟ್ರಾನ್ಸ್‌ಜೆಂಡರ್) ಲೈನ್‌ಲಿಸ್ಟ್, ಅಂದರೆ ಒಬ್ಬೊಬ್ಬರ ಟೆಸ್ಟಿನ ದಾಖಲೆಯ ಪಟ್ಟಿ, ನೋಡಿಕೊಳ್ಳುವವಳು ನಾನು. ಅಂಕಿ ಏರಿದರೂ ಇಳಿದರೂ ಮೊದಲು ಎದ್ದು ನಿಲ್ಲಬೇಕಾದವಳು ನಾನೇ.

ಆ ಸಲ ಪಾಸಿಟಿವ್ ಬಾರ್ ಸರ್ರನೆ ಏರಿತ್ತು. ಸಮುದಾಯದವರು ಸೇರುವ ಹಾಟ್‌ಸ್ಪಾಟ್ ಕಡೆ ಎಂದೂ ಸುಳಿಯದ, ಆ್ಯಪ್‌ಗಳಲ್ಲೇ ಭೇಟಿ ಗೊತ್ತುಮಾಡಿಕೊಳ್ಳುವ ಹುಡುಗರನ್ನು ಪಿಯರ್‌ಗಳು (ಸಮುದಾಯದೊಳಗಿನ ನಮ್ಮ ಕಾರ್ಯಕರ್ತರು) ಹುಡುಕಿ ಸಿಬಿಎಸ್ ಕ್ಯಾಂಪಿಗೆ, ಅಂದರೆ ಸಮುದಾಯದ ನಡುವೆಯೇ ಬೆರಳು ಚುಚ್ಚಿ ಎಚ್‌ಐವಿ ಟೆಸ್ಟ್ ಮಾಡುವ ಕ್ಯಾಂಪಿಗೆ, ಕರೆತಂದಿದ್ದರು. ಬಹಳ ಜನಕ್ಕೆ ಅದೇ ಮೊದಲ ಟೆಸ್ಟ್. ಕೆಲವರ ಸಿಡಿ4 (ರೋಗನಿರೋಧಕ ಜೀವಕೋಶಗಳ ಎಣಿಕೆ) 200ಕ್ಕಿಂತ ಕೆಳಗಿತ್ತು. ಅಂದರೆ ಸೋಂಕು ತಗುಲಿ ವರ್ಷಗಳೇ ಕಳೆದಿರಬೇಕು, ನಮಗೆ ಸಿಕ್ಕದ್ದು ಈಗ.

ರಿವ್ಯೂ ನಡೆಸುವ ಸಾಹೇಬರಿಗೆ ಅದೆಲ್ಲ ಬೇಕಿರಲಿಲ್ಲ. "ಹೊಸ ಸೋಂಕು ಇಷ್ಟು ಏರಿದೆ, ನಿಮ್ಮ ಪಿಯರ್‌ಗಳು ಫೀಲ್ಡಲ್ಲಿ ಏನು ಮಾಡ್ತಾರೆ?" ಅಂದರು. ಎಷ್ಟು ಜನರಲ್ಲಿ ಸೋಂಕಿದೆ ಎಂದು ಅಳೆಯುವ 2021ರ ಸೆಂಟಿನೆಲ್ ಸರ್ವೇಲನ್ಸ್‌ನ ಅಂಕಿಗಳೂ ಅವರ ಕೈಯಲ್ಲಿದ್ದವು: ದೇಶಮಟ್ಟದಲ್ಲಿ ಎಂಎಸ್‌ಎಂ ಶೇ. 3.26, ಟಿಜಿ ಶೇ. 3.78. ಅದರಲ್ಲಿ ಹಳೆಯ ಸೋಂಕು, ಹೊಸ ಸೋಂಕು ಎರಡೂ ಕಲಸಿರುತ್ತವೆ. ಅದನ್ನು ಹಿಡಿದು ಈ ವರ್ಷ ಎಷ್ಟು ಜನಕ್ಕೆ ತಗುಲಿತು ಎಂದು ಹೇಳಲಾಗದು. ಆದರೆ ರಿವ್ಯೂ ಹಾಲ್ ಪಾಠ ಮಾಡುವ ಜಾಗವಲ್ಲ.

ನಾನು ತಯಾರಾಗಿಯೇ ಹೋಗಿದ್ದೆ. ನಮ್ಮಲ್ಲೇ ಮೊದಲು ನೆಗೆಟಿವ್ ಬಂದು ಆಮೇಲೆ ಪಾಸಿಟಿವ್ ಆದವರನ್ನಷ್ಟೇ ಬೇರೆ ತೆಗೆದು, ಹೊಸ ಸೋಂಕಿನ ದರಕ್ಕೆ ವ್ಯಕ್ತಿ-ವರ್ಷದ ಲೆಕ್ಕ (ಒಬ್ಬೊಬ್ಬರನ್ನು ಎಷ್ಟು ಕಾಲ ಗಮನಿಸಿದೆವೋ ಅದರ ಒಟ್ಟು ಮೊತ್ತ) ಹಾಕಿದ್ದೆ. ನೂರು ಜನ ಆರು ತಿಂಗಳ ಅಂತರದಲ್ಲಿ ಎರಡು ಸಲ ನೆಗೆಟಿವ್ ಬಂದರೆ ಭಾಜಕಕ್ಕೆ ಸೇರುವುದು ಐವತ್ತು ವರ್ಷ ಮಾತ್ರ. "ಸರ್, ನಿಜವಾಗಿ ಹೊಸಬರು ಮೂವರೇ" ಅಂದೆ. ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು.

"ಆ ಮೂವರಿಗೆ ಹೇಗೆ ಬಂತು?"

ಪಕ್ಕದಲ್ಲಿ ಕೂತಿದ್ದ ಓಆರ್‌ಡಬ್ಲ್ಯೂ (ಫೀಲ್ಡ್ ನೋಡಿಕೊಳ್ಳುವ ಔಟ್‌ರೀಚ್ ವರ್ಕರ್) ಅಕ್ಕನ ಕಡೆ ತಿರುಗಿ, "ಹೇಳಿ ಅಕ್ಕ" ಅಂದೆ. ಅವರು ಸಮುದಾಯದವರೇ, ಫೀಲ್ಡ್ ಪೂರ್ತಿ ಬಾಯಿಪಾಠ. ನನ್ನ ಮುಖ ನೋಡಿದರು, ತಲೆ ತಗ್ಗಿಸಿದರು. ಬೇರೆ ಟಿಐಗಳವರು ಫೋನ್ ಕೆಳಗಿಟ್ಟು ನೋಡತೊಡಗಿದರು. ಪ್ರೊಜೆಕ್ಟರ್ ಗುಂಯ್‌ಗುಟ್ಟುತ್ತಿತ್ತು. ಮಾತು ಮರೆತಿದ್ದಾರೆ ಅಂದುಕೊಂಡು ನಾನು ಇನ್ನೊಮ್ಮೆ ಒತ್ತಾಯಿಸಿದೆ. ಅಕ್ಕ ತುಟಿ ಬಿಚ್ಚಲಿಲ್ಲ. "ಫೀಲ್ಡ್ ವಿಸಿಟೇ ಇಲ್ಲ" ಅಂತ ಸಾಹೇಬರು ಮಿನಿಟ್ಸ್‌ನಲ್ಲಿ ಬರೆಸಿದರು.

ಹೊರಗೆ ಚಹಾ ಕುಡಿಯುವಾಗ ಅಕ್ಕ ಹೇಳಿದ್ದು: "ಅದರಾಗ ಒಬ್ಬಾಂವ ಹೊಸಬ ಅಲ್ರೀ ಮೇಡಂ. ಬಾಜೂ ಜಿಲ್ಲಾದಾಗ ಬ್ಯಾರೆ ಹೆಸರಲೇ ಗುಳಿಗಿ ತಗೊಳಾಕತ್ತಾನ, ಭಾಳ ವರ್ಷಾತು. ಗೆಳೆಯಾ ಎಳಕೊಂಡು ಬಂದಿದ್ದಕ್ಕ ಕ್ಯಾಂಪ್‌ನ್ಯಾಗ ಕುಂತಾನ."

"ನಮ್ಮ ಬುಕ್ಕಿನಲ್ಲಿ ಅವನ ನೆಗೆಟಿವ್ ಇದೆಯಲ್ಲ ಅಕ್ಕ?"

"ಅವತ್ತ ಬೆರಳು ಕೊಟ್ಟಾಂವ ಅಂವ ಅಲ್ರೀ. ಟಾರ್ಗೆಟ್ ಇತ್ತಲ್ಲ."

ಇದನ್ನು ಆ ಹಾಲ್‌ನಲ್ಲಿ ಹೇಳುವುದಾದರೂ ಹೇಗೆ? ಅವನ ಊರಿನವರೇ ಇಬ್ಬರು ಅಲ್ಲಿ ಕೂತಿದ್ದರು. ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿ ಹೊರಗೆಡವಬಾರದು ಎಂದು 2017ರ ಕಾಯ್ದೆಯೇ ಹೇಳುತ್ತದೆ. ಅದನ್ನು ಟ್ರೈನಿಂಗ್‌ನಲ್ಲಿ ಸ್ಲೈಡ್ ಹಾಕಿ ಹೇಳಿಕೊಟ್ಟವಳು ನಾನು, ಪಾಲಿಸಿದವರು ಅಕ್ಕ. ನನ್ನ ಲೆಕ್ಕದಲ್ಲಿದ್ದವರು ಮೂವರು, ಒಬ್ಬ ಹೋದರೆ ದರದ ಮೂರನೇ ಒಂದು ಭಾಗವೇ ಹೋಯಿತು.

ಲ್ಯಾಬಿನ ರೀಸೆನ್ಸಿ ಟೆಸ್ಟ್ ಇದ್ದಿದ್ದರೆ? ಪ್ರತಿಕಾಯ ಎಷ್ಟು ಬಲಿತಿದೆ ಎಂದು ನೋಡಿ, ಸರಿಸುಮಾರು ನಾಲ್ಕು ತಿಂಗಳೊಳಗಿನ ಸೋಂಕನ್ನು ಗುರುತಿಸುವ ವಿಧಾನ ಅದು. ಆದರೆ ಎಆರ್‌ಟಿಯಲ್ಲಿ, ಅಂದರೆ ಎಚ್‌ಐವಿ ಗುಳಿಗೆಯಲ್ಲಿ, ಇರುವವರ ರಕ್ತ ಹೊಸ ಸೋಂಕಿನಂತೆ ಕಾಣಬಹುದು. ಜೊತೆಗೆ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ನೋಡದಿದ್ದರೆ ಅವನು ಅಲ್ಲಿಯೂ ಹೊಸಬನೇ. ದೇಶಕ್ಕೆ 2021ರಲ್ಲಿ ಸುಮಾರು 63 ಸಾವಿರ ಹೊಸ ಸೋಂಕು ಎಂದು ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಹೇಳಿದ್ದೂ ಎಣಿಸಿದ್ದಲ್ಲ, ಮಾದರಿ ಕಟ್ಟಿ ತೆಗೆದ ಅಂದಾಜು, ಕೆಳಮಿತಿ ಮೇಲ್ಮಿತಿ ಸಮೇತ. ನಮ್ಮ ರಿವ್ಯೂಗೆ ಮಾತ್ರ ಮಿತಿಗಿತಿ ಇಲ್ಲದ ಒಂದೇ ಅಂಕಿ ಬೇಕು.

ಈಗ ಕೊನೆಯ ನೆಗೆಟಿವ್ ಯಾವತ್ತು, ಎಲ್ಲಿ, ಟೆಸ್ಟ್ ಮಾಡುವಾಗ ಎದುರಿಗೆ ಯಾರಿದ್ದರು ಎಂದು ನನ್ನ ಎಕ್ಸೆಲ್‌ನಲ್ಲಿ ಮೂರು ಕಾಲಂ ಸೇರಿಸಿದ್ದೇನೆ. ನೆಗೆಟಿವ್ ತೀರಾ ಹಳೆಯದಿದ್ದರೆ ಆ ಕೇಸನ್ನು ಬೇರೆ ಶೀಟಿಗೆ ಹಾಕುತ್ತೇನೆ. ಎಷ್ಟೋ ವರ್ಷದ ಅಂತರಕ್ಕೆ ನಡುವಿನ ತಾರೀಖು ಹಿಡಿದು ಸೋಂಕಿನ ದಿನ ಅನ್ನುವುದು ಕಣಿ ಹೇಳಿದ ಹಾಗೆ. ಹಾಲ್‌ನಲ್ಲಿ ಓಆರ್‌ಡಬ್ಲ್ಯೂಗಳ ಕಡೆ ತಿರುಗುವುದನ್ನು ಬಿಟ್ಟಿದ್ದೇನೆ, ಬೈಗುಳ ನನಗೇ ಬರಲಿ.

ಮುಂದಿನ ತ್ರೈಮಾಸಿಕಕ್ಕೆ ಟೆಸ್ಟಿಂಗ್ ಟಾರ್ಗೆಟ್ ಏರಿಸಿ ಪತ್ರ ಬಂದಿದೆ. ಪಾಸಿಟಿವ್ ಮಾತ್ರ ಇಳಿಯಬೇಕಂತೆ.