ನಾನು ಮಾರಿದ ಹಸಿರು ಕ್ಯಾಪ್ಸೂಲ್

ಸಾಗರದಲ್ಲಿ 29 ವರ್ಷ ಮೆಡಿಕಲ್ ಶಾಪ್ ನಡೆಸಿದೆ. ಈಗ ಅಂಗಡಿ ಮಗನ ಕೈಯಲ್ಲಿದೆ. ಅಷ್ಟು ವರ್ಷದಲ್ಲಿ ವಿಟಮಿನ್ ಇ ಎಷ್ಟು ಸ್ಟ್ರಿಪ್ ಮಾರಿದೆನೋ, ಲೆಕ್ಕ ಇಟ್ಟಿಲ್ಲ. ಹಸಿರು ಬಣ್ಣದ ಮೆತ್ತನೆ ಕ್ಯಾಪ್ಸೂಲ್. ಬೆಳಕಿಗೆ ಹಿಡಿದರೆ ಒಳಗೊಂದು ಗುಳ್ಳೆ ಅತ್ತಿತ್ತ ಓಡಾಡುತ್ತಿತ್ತು. ಹುಡುಗಿಯರು ಸೂಜಿ ಚುಚ್ಚಿ ಮುಖಕ್ಕೆ ಹಚ್ಚಿಕೊಳ್ಳಲು ಒಯ್ಯುತ್ತಿದ್ದರು, ಗಂಡಸರು ಹಾರ್ಟಿಗೆ ಒಳ್ಳೇದು ಅಂತ ಒಯ್ಯುತ್ತಿದ್ದರು. ನಾನೂ ರಾತ್ರಿ ಬಾಗಿಲು ಹಾಕುವ ಮುಂಚೆ ಒಂದು ನುಂಗುತ್ತಿದ್ದೆ. ಸ್ವಂತ ಅಂಗಡಿ ಅಲ್ವಾ!

ಸುಮ್ನೆ ಮರುಳಾಗಿದ್ದಲ್ಲ. ಆಗ ಅದಕ್ಕೊಂದು ತರ್ಕ ಇತ್ತು. ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೊಬ್ಬಿನ ಕಣ ರಕ್ತನಾಳದ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಆಕ್ಸಿಡೈಸ್ ಆಗುತ್ತದೆ. ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟ ಕೊಬ್ಬರಿ ಕಮಟು ಹಿಡಿಯುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಆ ಕಮಟು ಕಣವನ್ನು ಬಿಳಿ ರಕ್ತಕಣಗಳು ನುಂಗುತ್ತವೆ. ನುಂಗಿ ನುಂಗಿ ನೊರೆಯ ಹಾಗೆ ಊದಿಕೊಂಡು ಅಲ್ಲೇ ಉಳಿದುಬಿಡುತ್ತವೆ. ಗೋಡೆ ದಪ್ಪವಾಗುತ್ತ ಹೋಗುತ್ತದೆ. 1989ರಲ್ಲಿ ಅಮೆರಿಕದ ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಅವರ ಜೊತೆಯವರು ಇದನ್ನು ಬಿಡಿಸಿ ಬರೆದರು. ಹಾಗಾದರೆ ಕಮಟು ಹಿಡಿಯದ ಹಾಗೆ ನೋಡಿಕೊಂಡರಾಯ್ತಲ್ಲ? ಅದನ್ನು ತಡೆಯುವ ವಸ್ತುಗಳು, ಅಂದರೆ ಆಂಟಿಆಕ್ಸಿಡೆಂಟ್‌ಗಳು, ಗಿಡಗಳಲ್ಲಿ ಬೇಕಾದಷ್ಟಿವೆ. ವಿಟಮಿನ್ ಇ ಅದರಲ್ಲೊಂದು. 1993ರಲ್ಲಿ ಹಾಲೆಂಡಿನ ಜುಟ್ಫೆನ್ ಊರಿನ 805 ಮುದುಕರ ಅಧ್ಯಯನ ಬಂತು. ಚಾ, ಈರುಳ್ಳಿ, ಸೇಬಿನಿಂದ ಫ್ಲೇವನಾಯ್ಡ್ ಎಂಬ ಅಂಥದೇ ವಸ್ತು ಜಾಸ್ತಿ ಸಿಕ್ಕವರಲ್ಲಿ ಹೃದ್ರೋಗದ ಸಾವು ಕಡಿಮೆ ಇತ್ತು. ಮೆಡಿಕಲ್ ರೆಪ್‌ಗಳು ಬಣ್ಣದ ಹಾಳೆ ಹಿಡಿದು ಬಂದೇ ಬಂದರು. ಹತ್ತಕ್ಕೆ ಒಂದು ಫ್ರೀ ಬೇರೆ.

ಆಮೇಲಿನ ಕಥೆಯನ್ನು ಮಾತ್ರ ಯಾವ ರೆಪ್ಪೂ ಸಾಗರಕ್ಕೆ ತರಲಿಲ್ಲ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರ ಗಂಡಸರ ಮೇಲೆ ಪ್ರಯೋಗ ನಡೆಯಿತು. ಬೀಟಾ ಕ್ಯಾರೊಟಿನ್ ಎಂಬ ಇನ್ನೊಂದು ಆಂಟಿಆಕ್ಸಿಡೆಂಟಿನ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿಯೇ ಆಯಿತು ಅಂತ 1994ರಲ್ಲಿ ಗೊತ್ತಾಯಿತು. 2000ದಲ್ಲಿ ಹೋಪ್ ಎಂಬ ಪ್ರಯೋಗದ ಫಲಿತಾಂಶ ಬಂತು. ಒಂಬತ್ತೂವರೆ ಸಾವಿರ ಜನ, ಅರ್ಧದಷ್ಟು ಮಂದಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ. ಹಾರ್ಟ್ ಅಟ್ಯಾಕ್ ಒಂದಿಷ್ಟೂ ತಗ್ಗಲಿಲ್ಲ. (ನನ್ನ ಸ್ಟ್ರಿಪ್ ಮೇಲೂ 400 ಅಂತಲೇ ಇರುತ್ತಿತ್ತು, ಅದು ಮಿಲಿಗ್ರಾಂ ಲೆಕ್ಕ.) 2002ರಲ್ಲಿ ಬ್ರಿಟನ್ನಿನ 20,536 ಜನರ ಪ್ರಯೋಗದಲ್ಲಿ ಇ, ಸಿ, ಬೀಟಾ ಕ್ಯಾರೊಟಿನ್ ಮೂರನ್ನೂ ಸೇರಿಸಿ ಕೊಟ್ಟು ನೋಡಿದರು. ರಕ್ತದಲ್ಲಿ ವಿಟಮಿನ್ ಏರಿತು, ಕಾಯಿಲೆ ಇಳಿಯಲಿಲ್ಲ.

ನಾನು ಇದನ್ನೆಲ್ಲ ಓದಿದ್ದು 2019ರಲ್ಲಿ, ಸ್ಟೆಂಟ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದಾಗ. ಡಿಸ್ಚಾರ್ಜ್ ದಿನ ಡಾಕ್ಟರು ನನ್ನ ಚೀಲದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿದರು. ಹಸಿರಿನದನ್ನು ಎತ್ತಿ ಹಿಡಿದು, "ಇದನ್ನು ಯಾರು ಬರೆದುಕೊಟ್ಟರು?" ಅಂದರು.

"ನಾನೇ ಸಾರ್."

ಅವರು ನಗಲಿಲ್ಲ. ಅದನ್ನು ಪಕ್ಕಕ್ಕೆ ತಳ್ಳಿ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಸ್ಟ್ರಿಪ್ಪನ್ನು ನನ್ನ ಕೈಗಿಟ್ಟರು. "ಇದನ್ನ ಬಿಟ್ರೆ ಮತ್ತೆ ಇಲ್ಲಿಗೇ ಬರ್ತೀರಿ."

"ಗಿಡದಲ್ಲಿ ಇದೆ ಅಂದ್ರೆ ಗಿಡಾನೇ ತಿನ್ನಿ" ಅಂದಳು ಹೆಂಡತಿ. ಅವಳ ಅಡುಗೆಮನೆಯಲ್ಲಿ ಅದಕ್ಕೇನೂ ಬರ ಇರಲಿಲ್ಲ. ಜೀರಿಗೆ, ಮೆಣಸನ್ನು ಚೂರೇ ತುಪ್ಪದಲ್ಲಿ ಹುರಿದು, ಹಿತ್ತಲಿನ ಒಂದೆಲಗ, ಒಂದು ಹಿಡಿ ಕಾಯಿತುರಿ ಹಾಕಿ ಬೀಸಿ, ಮಜ್ಜಿಗೆಗೆ ಕಲಸಿದರೆ ತಂಬುಳಿ. ಬೇಸಿಗೆಯಲ್ಲಿ ಮುರುಗಲು ಸಿಪ್ಪೆ ನೆನೆಹಾಕುತ್ತಾಳೆ. ಐದೇ ನಿಮಿಷಕ್ಕೆ ನೀರು ಕೆಂಪಾಗುತ್ತದೆ. ಆ ಕೆಂಪೇ ಆಂಥೋಸಯನಿನ್, ಅದೂ ಒಂದು ಫ್ಲೇವನಾಯ್ಡ್. ಈಗ ಬೆಲ್ಲ ಕಡಿಮೆ ಮಾಡಿದ್ದಾಳೆ, ಹಾಗಾಗಿ ಕುಡಿಯುವಾಗ ಮುಖ ಹಿಂಡುತ್ತದೆ.

ಇದರಿಂದ ನನ್ನ ರಕ್ತನಾಳ ತೊಳೆದುಹೋಗುತ್ತದೆ ಅಂತ ನಾನು ಹೇಳಲಾರೆ. ಫ್ಲೇವನಾಯ್ಡ್‌ಗಳೂ ಸೇರಿದ ಪಾಲಿಫಿನಾಲ್ ಎಂಬ ಗಿಡದ ವಸ್ತುಗಳಲ್ಲಿ ರಕ್ತಕ್ಕೆ ಸೇರುವುದೇ ಸ್ವಲ್ಪ. ಸೇರಿದ್ದನ್ನೂ ಕರುಳು, ಲಿವರ್ ಬೇಗ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತವೆ. ಆದರೆ ಸೊಪ್ಪು, ತರಕಾರಿ, ಕಾಳು, ಹಣ್ಣು ಜಾಸ್ತಿ ತಿನ್ನುವವರಲ್ಲಿ ಹೃದಯದ ಕಾಯಿಲೆ ಕಡಿಮೆ ಎಂಬುದು ಮತ್ತೆ ಮತ್ತೆ ಕಂಡಿದೆ. ತಟ್ಟೆಯಲ್ಲಿ ನಾರು ಬರುತ್ತದೆ, ಪೊಟ್ಯಾಸಿಯಂ ಬರುತ್ತದೆ, ಕರಿದದ್ದಕ್ಕೆ ಜಾಗ ಕಡಿಮೆಯಾಗುತ್ತದೆ. ಕ್ಯಾಪ್ಸೂಲಿನಲ್ಲಿ ಇದ್ಯಾವುದೂ ಇಲ್ಲ.

ಯಾವ ಹಣ್ಣಿನಲ್ಲಿ ಆಂಟಿಆಕ್ಸಿಡೆಂಟ್ ಎಷ್ಟು ಎಂದು ಟೆಸ್ಟ್ ಟ್ಯೂಬಿನಲ್ಲಿ ಅಳೆದು ಅಂಕ ಕೊಟ್ಟು ಪಟ್ಟಿ ಮಾಡಿದ್ದ ಅಮೆರಿಕದ ಕೃಷಿ ಇಲಾಖೆ ಕೂಡ 2012ರಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿತು. ಆ ಅಂಕವನ್ನೇ ನಂಬುವುದಾದರೆ ನಮ್ಮ ಅಡಿಕೆಗೇ ಒಳ್ಳೆಯ ಮಾರ್ಕ್ಸ್ ಸಿಗಬೇಕು, ಅದರಲ್ಲಿ ಪಾಲಿಫಿನಾಲ್ ಅಷ್ಟಿದೆ. ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಎಂಬುದೂ ಅಷ್ಟೇ ನಿಜ. ಇದನ್ನು ಸಾಗರದಲ್ಲಿ ಗಟ್ಟಿಯಾಗಿ ಹೇಳುವ ಹಾಗಿಲ್ಲ, ಬಿಡಿ.

ಮಧ್ಯಾಹ್ನ ಮಗ ಊಟಕ್ಕೆ ಹೋದಾಗ ಈಗಲೂ ಗಲ್ಲಾದಲ್ಲಿ ಕೂರುತ್ತೇನೆ. ಮೊನ್ನೆ ತೋಟದ ಹಿರಿಯರೊಬ್ಬರು ಬಂದರು. ಬಾಯಲ್ಲಿ ಕವಳ, ಅದರಲ್ಲಿ ಹೊಗೆಸೊಪ್ಪು. "ಭಟ್ರೇ, ಹಾರ್ಟಿಗೆ ಆ ಹಸಿರು ಮಾತ್ರೆ ಒಂದು ಸ್ಟ್ರಿಪ್ ಕೊಡಿ."

"ಮಾತ್ರೆ ಬೇಡ, ಆ ಹೊಗೆಸೊಪ್ಪು ಬಿಡಿ. ಹಾರ್ಟಿಗೆ ಅದನ್ನ ಬಿಡೋದೇ ಜಾಸ್ತಿ ಒಳ್ಳೇದು" ಅಂದೆ.

ಅವರು ಚರಂಡಿಗೆ ಉಗಿದು, ಎದುರಿನ ಅಂಗಡಿಗೆ ಹೋಗಿ ಎರಡು ಸ್ಟ್ರಿಪ್ ತಗೊಂಡರು. ಸಂಜೆ ಮಗ ನನಗೆ ಬೈದ.